ಸಿಡ್ಲಫಡಿಗೆ ಹೋಗುವುದು ಸರಿ, ವಾಪಸ್ ಎಷ್ಟೊತ್ತಿಗೆ?

ಪ್ರಶ್ನೆ: ಸರ್, ನಾವು ವಿಜಯಪುರದವರು. ಮಗಳ ಪರೀಕ್ಷೆ ಮುಗಿದ ಮೇಲೆ, ಮಾರ್ಚ್ ಕೊನೆಯ ವಾರ, ಬಾದಾಮಿಗೆ ಹೋಗಬೇಕು ಅಂತಿದ್ದೇವೆ. ಗುಹೆಗಳನ್ನು ಎರಡು ಸಲ ನೋಡಿ ಆಗಿದೆ. ಈ ಸಲ ಗುಡ್ಡದ ಹಿಂದೆ ನಡೆದು ಸಿಡ್ಲಫಡಿ ಅನ್ನುವ ಬಂಡೆಯ ಆಸರೆ, ಅಲ್ಲಿನ ಆದಿಮಾನವರ ಚಿತ್ರ ನೋಡಿ, ಅದೇ ದಿನ ನಡೆದೇ ಮಹಾಕೂಟದ ಗುಡಿಗಳಿಗೂ ಹೋಗುವ ಆಸೆ. ಅಮೆರಿಕದ ಮರಳುಗಾಡಿನ ಕ್ಯಾನ್ಯನ್‌ಗಳಲ್ಲಿ ಜನ ನಡೆಯುವ ವಿಡಿಯೊ ನೋಡಿ ನೋಡಿ ಹುಚ್ಚು ಹಿಡಿದಿದೆ. ನಾನು, ಹೆಂಡತಿ, ಅವಳ ತಮ್ಮ, 12 ವರ್ಷದ ಮಗಳು, ಜೊತೆಗೆ 66 ವರ್ಷದ ನಮ್ಮ ಅಪ್ಪ. ಅಪ್ಪನಿಗೆ ಬಿಪಿ ಇದೆ, ಮಾತ್ರೆ ನಡೀತಿದೆ. ಬೆಳಿಗ್ಗೆ 6ಕ್ಕೆ ವಿಜಯಪುರ ಬಿಟ್ಟರೆ ಆಗುತ್ತಾ? ನೀರು ಎಷ್ಟು ಬೇಕು? ಮೊಬೈಲ್ ಮ್ಯಾಪ್ ಸಾಕಾ, ಇಲ್ಲ ಯಾರನ್ನಾದರೂ ಕರೆದುಕೊಳ್ಳಬೇಕಾ? ಹಾವು ಗೀವು ಇವೆಯಾ?

ಉತ್ತರ: ನಿಮ್ಮ ಪತ್ರದಲ್ಲಿ ಹೊರಡುವ ಹೊತ್ತು ಇದೆ. ವಾಪಸ್ ಬರುವ ಹೊತ್ತು ಇಲ್ಲ. ನನಗೆ ಇಂಥ ಪ್ರಶ್ನೆ ಕೇಳುವ ಹತ್ತರಲ್ಲಿ ಒಂಬತ್ತು ಜನ ಹೀಗೇ ಬರೆಯುತ್ತಾರೆ, ಹಾಗಾಗಿ ಬೇಜಾರು ಮಾಡಿಕೊಳ್ಳಬೇಡಿ. ಆದರೆ ಕಲ್ಲುಗುಡ್ಡದ ನಡಿಗೆಯಲ್ಲಿ ಯೋಜನೆ ಶುರುವಾಗುವುದೇ ಹಿಂದಿನಿಂದ. ಎಷ್ಟೊತ್ತಿಗೆ ಕೆಳಗೆ ಇಳಿದಿರಬೇಕು ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಹೊರಡುವ ಹೊತ್ತು, ನೀರು, ಬುತ್ತಿ, ಯಾರು ಬರಬೇಕು, ಯಾರು ಬೇಡ, ಎಲ್ಲ ಅದರ ಬೆನ್ನಿಗೆ ತಾನೇ ಬರುತ್ತದೆ.

ಮಾರ್ಚ್ ಕೊನೆಗೆ ಬಾದಾಮಿಯಲ್ಲಿ ಸೂರ್ಯ ಹುಟ್ಟುವುದು ಸುಮಾರು 6.30ಕ್ಕೆ. ನಾನು ನಿಮಗೆ ಹಾಕಿಕೊಡುವ ಗಡುವು 10.45. ಅಷ್ಟೊತ್ತಿಗೆ ಅಗಸ್ತ್ಯ ತೀರ್ಥದ ದಂಡೆಯಲ್ಲಿ ನೆರಳಿಗೆ ಕೂತಿರಬೇಕು. ಈಗ ನಿಮ್ಮ ಲೆಕ್ಕ ನೋಡಿ. ವಿಜಯಪುರದಿಂದ ಬಾದಾಮಿ 120 ಕಿ.ಮೀ. ಮೇಲೇ ಆಗುತ್ತದೆ. 6ಕ್ಕೆ ಬಿಟ್ಟು, ದಾರಿಯಲ್ಲಿ ಚಹಾ ಕುಡಿದು, ಗಾಡಿ ನಿಲ್ಲಿಸಿ, ಚಪ್ಪಲಿ ಬಿಚ್ಚಿ ಬೂಟು ಹಾಕಿಕೊಳ್ಳುವಷ್ಟರಲ್ಲಿ 9.30. ಸಿಡ್ಲಫಡಿ ತಲುಪುವಾಗ 11.30. ವಾಪಸ್ ನಡೆಯುವುದು ಸರಿಯಾಗಿ ನೆತ್ತಿ ಸುಡುವ ಹೊತ್ತಿನಲ್ಲಿ. ಇದು ಆಗುವುದಿಲ್ಲ. ಅಂದರೆ ನಡೆಯಲು ಆಗುವುದಿಲ್ಲ ಅಂತಲ್ಲ, 12 ವರ್ಷದ ಹುಡುಗಿಯನ್ನು ಕರೆದುಕೊಂಡು ನಡೆಯಬಾರದು. ಹಿಂದಿನ ಸಂಜೆಯೇ ಬಾದಾಮಿಗೆ ಬಂದು ಉಳಿದುಕೊಳ್ಳಿ. ರೈಲಿನಲ್ಲಾದರೂ ಸರಿ, ವಿಜಯಪುರ–ಬಾಗಲಕೋಟೆ–ಗದಗ ಮಾರ್ಗ ಬಾದಾಮಿ ಮೇಲೇ ಹೋಗುತ್ತದೆ. ಸ್ಟೇಷನ್ ಊರಿನಿಂದ ಸುಮಾರು 5 ಕಿ.ಮೀ. ದೂರ ಇದೆ, ಆಟೊ ಸಿಗುತ್ತವೆ.

ಇನ್ನೊಂದು ಮಾತು. ತಾರೀಕು ನಿಮ್ಮ ಕೈಯಲ್ಲಿದ್ದರೆ ನವೆಂಬರ್‌ನಿಂದ ಫೆಬ್ರವರಿ ನಡುವೆ ಬನ್ನಿ ಅಂತಲೇ ಹೇಳುತ್ತಿದ್ದೆ. ಮಗಳ ಪರೀಕ್ಷೆ ಅಂದಿರಿ, ಸರಿ. ಮಾರ್ಚ್‌ನಲ್ಲಿ ಆಗುತ್ತದೆ, ಗಡಿಯಾರ ನೋಡಿಕೊಂಡು ನಡೆದರೆ. ಏಪ್ರಿಲ್, ಮೇ ಅಂದಿದ್ದರೆ ಸುಮ್ನೆ ಬೇಡ ಅಂದುಬಿಡುತ್ತಿದ್ದೆ.

ಕ್ಯಾನ್ಯನ್ ಅಂದಿರಲ್ಲ, ಅದಕ್ಕೆ ನಮ್ಮ ಕಡೆಯ ಮಾತು ಕೊಳ್ಳ. ಸವದತ್ತಿಯ ತಾಯಿಯನ್ನು ಏಳು ಕೊಳ್ಳದ ಎಲ್ಲಮ್ಮ ಅನ್ನುವುದು ಸುಮ್ಮನೆ ಅಲ್ಲ. ಬಾದಾಮಿ ಪಟ್ಟದಕಲ್ಲು ನಡುವೆ ಹುಲಿಗೆಮ್ಮನ ಕೊಳ್ಳ ಇದೆ. ನಮ್ಮದು ಮರಳುಗಾಡು ಅಲ್ಲ, ನಿಜ. ಆದರೆ ಬಾದಾಮಿಯ ಗುಡ್ಡ ಮರಳುಗಲ್ಲಿನದು. ಕೆಂಪು ಬಂಡೆ, ಅದರ ಮೇಲೆ ಸವೆದ ಮರಳು, ನಡುವೆ ಕಳ್ಳಿ, ಜಾಲಿ, ಬಾರಿ ಕಂಟಿ. ಮಳೆ ಕಡಿಮೆ, ಬಿದ್ದ ನೀರೂ ನಿಲ್ಲುವುದಿಲ್ಲ. ಬೇಸಿಗೆ ಶುರುವಾದ ಮೇಲೆ ಮೈಗೆ ಆಗುವುದು ಮರಳುಗಾಡಿನಲ್ಲಿ ಆಗುವುದೇ. ಹಾಗಾಗಿ ಆ ವಿಡಿಯೊದವರು ಪಾಲಿಸುವ ನಿಯಮಗಳು ಇಲ್ಲಿಗೂ ಬರುತ್ತವೆ.

ಒಂದು ವ್ಯತ್ಯಾಸ ಮಾತ್ರ ತಿಳಿದಿರಲಿ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಮೊದಲು ಇಳಿಯಬೇಕು, ಆಮೇಲೆ ಹತ್ತಬೇಕು. ಇಳಿಯುವಾಗ ತಂಪು ಹೊತ್ತು, ಕಾಲಲ್ಲಿ ಕಸುವು, ಮನಸ್ಸಿಗೆ ಉಮೇದಿ. ಹತ್ತುವಾಗ ಇವು ಮೂರೂ ಇರುವುದಿಲ್ಲ. ಅದಕ್ಕೇ ಅಲ್ಲಿ ನದಿಯವರೆಗೆ ಇಳಿದು ಅದೇ ದಿನ ಹತ್ತಿ ಬರುವ ಸಾಹಸ ಬೇಡ ಅಂತ ಬೋರ್ಡು ಹಾಕಿದ್ದಾರೆ. ಬಾದಾಮಿಯಲ್ಲಿ ಉಲ್ಟಾ. ಊರಿನಿಂದ ಮೊದಲು ಏರು, ಮೇಲೆ ಬಂಡೆಯ ಬಯಲು, ಅಲ್ಲಲ್ಲಿ ಹಳ್ಳ ದಾಟುವುದು. ಕೊನೆಗೆ ಇಳಿಜಾರು. ಇದು ನಮಗೆ ಅನುಕೂಲ ಅನ್ನಿಸುತ್ತದೆ, ಅಲ್ವಾ? ಅರ್ಧ ಮಾತ್ರ ನಿಜ. ದಣಿದ ಕಾಲು ಜಾರುವುದು ಇಳಿಜಾರಿನಲ್ಲೇ. ಬಂಡೆಯ ಮೇಲೆ ಸಣ್ಣ ಗರಸು ಹರಡಿರುತ್ತದೆ. ಜೋಳದ ಕಾಳು ಚೆಲ್ಲಿದ ಕಟ್ಟೆಯ ಮೇಲೆ ಕಾಲಿಟ್ಟ ಹಾಗೆ. ಹತ್ತುವಾಗ ಅದು ಗೊತ್ತೇ ಆಗುವುದಿಲ್ಲ.

ಸಿಡ್ಲಫಡಿ ಬಾದಾಮಿಯಿಂದ ಈಶಾನ್ಯಕ್ಕೆ, ಕಾಲುದಾರಿಯಲ್ಲಿ ಸುಮಾರು 4 ಕಿ.ಮೀ. ಬರೀ ನಾಲ್ಕು ಅಂದುಕೊಳ್ಳಬೇಡಿ. ಡಾಂಬರು ರಸ್ತೆಯ ನಾಲ್ಕು ಬೇರೆ, ಬಂಡೆಯ ನಾಲ್ಕು ಬೇರೆ. ಸ್ಕಾಟ್ಲೆಂಡಿನ ನೈಸ್ಮಿತ್ ಎಂಬವರು 1892ರಲ್ಲೇ ಒಂದು ಲೆಕ್ಕ ಕೊಟ್ಟಿದ್ದಾರೆ: ಗಂಟೆಗೆ 5 ಕಿ.ಮೀ., ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ಗಟ್ಟಿ ಆಳಿನ ಲೆಕ್ಕ, ತಂಪು ದೇಶದ್ದು ಬೇರೆ. ಮಗು ಜೊತೆಗಿದ್ದಾಗ, ನಿಂತು ಫೋಟೊ ತೆಗೆಯುವಾಗ, ನಮ್ಮ ಕಲ್ಲಿನಲ್ಲಿ ನಾನು ಗಂಟೆಗೆ 2 ಕಿ.ಮೀ. ಅಂತ ಹಿಡಿಯುತ್ತೇನೆ. ಹೋಗಲು ಎರಡು ಗಂಟೆ, ಬರಲು ಒಂದೂಮುಕ್ಕಾಲು, ಅಲ್ಲಿ ಅರ್ಧ ಗಂಟೆ. 10.45ರಿಂದ ಹಿಂದಕ್ಕೆ ಎಣಿಸಿ. 6.30ಕ್ಕೆ ಮೊದಲ ಹೆಜ್ಜೆ ಇಡಬೇಕು. ನಾನಾದರೆ ಬೆಳಕು ಹರಿಯುತ್ತಲೇ, 6.15ಕ್ಕೆ ಹೊರಡುತ್ತೇನೆ, ಮುಂದಿನ ಲೆಕ್ಕ ಆ ಹೊತ್ತಿಗೇ.

ಇದರಲ್ಲಿ ಮುಖ್ಯವಾದ ಇನ್ನೊಂದು ಗಡುವು ಇದೆ. 8.45 ಆಯಿತೋ, ಎಲ್ಲಿದ್ದರೂ ತಿರುಗಬೇಕು. ಫಡಿ ಕಣ್ಣಿಗೆ ಕಾಣುತ್ತಿದ್ದರೂ ತಿರುಗಬೇಕು. ಇದನ್ನು ಹಿಂದಿನ ರಾತ್ರಿಯೇ ಎಲ್ಲರ ಮುಂದೆ ಹೇಳಿ ಒಪ್ಪಿಸಿಕೊಳ್ಳಿ. ಗುಡ್ಡದ ಮೇಲೆ ನಿಂತು ಹೇಳಿದರೆ ಯಾರೂ ಕೇಳುವುದಿಲ್ಲ. ನಿಮ್ಮ ಭಾವಮೈದ ಅಂತೂ ಕೇಳುವುದಿಲ್ಲ ಅಂತ ನನ್ನ ಅಂದಾಜು. ಆ ವಯಸ್ಸಿನವರು ಕೇಳುವುದಿಲ್ಲ.

ನಾನೂ ಕೇಳಿದವನಲ್ಲ. ಬಹಳ ವರ್ಷದ ಹಿಂದೆ ಒಂದು ಏಪ್ರಿಲ್‌ನಲ್ಲಿ ಮೂವರು ಹುಡುಗರನ್ನು ಕಟ್ಟಿಕೊಂಡು ಇದೇ ದಾರಿ ಹಿಡಿದಿದ್ದೆ. ಹೊರಟದ್ದೇ 8.30ಕ್ಕೆ. ಹೋಗುವಾಗ ಏನೂ ತೊಂದರೆ ಇಲ್ಲ, ಮಾತೇ ಮಾತು. ವಾಪಸ್ ಬರುವಾಗ ನನ್ನ ಬಲಗಾಲಿನ ಬೂಟು ಬಾಯಿ ತೆರೆಯಿತು. ಎರಡು ವರ್ಷ ಅಟ್ಟದ ಮೇಲಿದ್ದ ಬೂಟು ಅದು. ಮೇಲೆ ನೋಡಿದರೆ ಹೊಸದರ ಹಾಗೆ. ಒಳಗಿನ ಅಂಟು ಒಣಗಿ ಪುಡಿಯಾಗಿತ್ತು. ಬಂಡೆಯ ಕಾವು ತಗಲಿದ್ದೇ ತಳ ಹಿಮ್ಮಡಿಯಿಂದ ಬಿಟ್ಟುಕೊಂಡು ಪಟ್ ಪಟ್ ಅಂತ ಬಡಿಯತೊಡಗಿತು. ಕೊರಳಿನ ಟವೆಲ್ ಹರಿದು ಬಿಗಿದೆ. ನೂರು ಹೆಜ್ಜೆಗೊಮ್ಮೆ ಜಾರುತ್ತದೆ, ಮತ್ತೆ ಕೂತು ಬಿಗಿಯಬೇಕು. ಒಂದು ತಾಸಿನ ದಾರಿ ಎರಡೂವರೆ ತಾಸಾಯಿತು. ಮಧ್ಯಾಹ್ನ ಒಂದರ ಹೊತ್ತಿಗೆ ನಾಲ್ಕು ಜನಕ್ಕೆ ಉಳಿದದ್ದು ಬಾಟಲಿಯ ತಳದಲ್ಲಿ ಎರಡು ಗುಟುಕು, ಅದೂ ಬಿಸಿ.

ಆಗ ಸಿಕ್ಕವನು ಒಬ್ಬ ಕುರಿ ಕಾಯುವ ಅಜ್ಜ. ಹಸಿ ಗೋಣಿ ಸುತ್ತಿದ ಐದು ಲೀಟರಿನ ಕ್ಯಾನು ಅವನ ಹತ್ತಿರ. ನೀರು ಕೊಟ್ಟ. ಕೊಟ್ಟು ಹೇಳಿದ: "ಸಾಹೇಬ್ರ, ನೆರಳು ಕಾಲಾಗ ಬರೂದ್ರೊಳಗ ಗುಡ್ಡಾ ಬಿಡಬೇಕ್ರಿ. ನಮ್ಮ ಕುರಿಗೆ ಗೊತ್ತೈತಿ, ನಿಮಗ ಗೊತ್ತಿಲ್ಲಲ್ರಿ."

ಅಜ್ಜ ಹೇಳಿದ ನೆರಳಿನ ಲೆಕ್ಕ ನಾನು ಅಂದಿನಿಂದ ಬಿಟ್ಟಿಲ್ಲ. ನಿಮ್ಮ ನೆರಳು ನಿಮಗಿಂತ ಉದ್ದ ಇರುವವರೆಗೆ ಬಿಸಿಲು ತಡೆಯಬಹುದು. ನೆರಳು ನಿಮಗಿಂತ ಗಿಡ್ಡ ಆಯಿತು ಅಂದರೆ ಸೂರ್ಯ 45 ಡಿಗ್ರಿ ಮೇಲೆ ಬಂದ ಅಂತ ಅರ್ಥ. ಬಾದಾಮಿಯಲ್ಲಿ ಮಾರ್ಚ್ ಕೊನೆಗೆ ಅದು ಆಗುವುದು ಹೆಚ್ಚುಕಡಿಮೆ 9.45ಕ್ಕೆ. ಅಷ್ಟೊತ್ತಿಗೆ ನೀವು ವಾಪಸ್ ದಾರಿಯ ಅರ್ಧ ದಾಟಿರಬೇಕು. ಮಗಳಿಗೆ ಈ ಕೆಲಸ ಒಪ್ಪಿಸಿ, ನೆರಳು ಅಳೆಯುತ್ತಾ ಬರಲಿ. ಗಡಿಯಾರಕ್ಕಿಂತ ಅವಳ ಮಾತಿಗೆ ನಿಮ್ಮವರು ಜಾಸ್ತಿ ಬೆಲೆ ಕೊಡುತ್ತಾರೆ.

ಬಂಡೆಯ ವಿಷಯ ಇನ್ನೂ ಸ್ವಲ್ಪ ಹೇಳಬೇಕು. ಹವಾಮಾನದವರು 37 ಡಿಗ್ರಿ ಅನ್ನುವುದು ನೆರಳಿನಲ್ಲಿಟ್ಟ ಯಂತ್ರದ ಲೆಕ್ಕ. ಬಿಸಿಲಿನಲ್ಲಿ ಮಲಗಿದ ಬಂಡೆ ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ರೊಟ್ಟಿ ಹಂಚಿನ ಹಾಗೆ, ಒಲೆ ಆರಿದ ಮೇಲೂ ಸುಡುತ್ತದೆ. ಕೊಳ್ಳದೊಳಗೆ ಎರಡೂ ಬದಿ ಗೋಡೆ, ಗಾಳಿ ಆಡುವುದಿಲ್ಲ, ಮೇಲಿನ ಕಾವಿನ ಜೊತೆ ಪಕ್ಕದ ಕಾವೂ ಸೇರುತ್ತದೆ. ಸಂಜೆ ತಂಪಿಗೆ ಹೊರಟರೆ ಹೇಗೆ ಅಂತ ಕೆಲವರು ಕೇಳುತ್ತಾರೆ. ಸಂಜೆ 4ಕ್ಕೆ ಬಂಡೆ ಇನ್ನೂ ತನ್ನ ಕಾವು ಬಿಟ್ಟಿರುವುದಿಲ್ಲ. ಮೇಲಾಗಿ ತಡವಾದರೆ ಕತ್ತಲು. ಬೆಳಿಗ್ಗೆ ತಡವಾದರೆ ಸುಸ್ತು, ಸಂಜೆ ತಡವಾದರೆ ದಾರಿಯೇ ಇಲ್ಲ.

ನೀರು. ದೊಡ್ಡವರಿಗೆ ಮೂರು ಲೀಟರ್, ಮಗಳಿಗೆ ಎರಡು. ನಡೆಯುವವರು ನಾಲ್ಕು ಜನ ಅಂದರೆ ಒಟ್ಟು ಹನ್ನೊಂದು. ಹನ್ನೊಂದು ಲೀಟರ್ ಅಂದರೆ ಹನ್ನೊಂದು ಕೆ.ಜಿ., ಹಂಚಿ ಹೊರಬೇಕು. ಒಬ್ಬನ ಬ್ಯಾಗಿನಲ್ಲೇ ಎಲ್ಲ ಇಟ್ಟರೆ ಅವನು ಹಿಂದೆ ಬಿದ್ದಾಗ ಉಳಿದವರಿಗೆ ನೀರಿಲ್ಲ. ದೊಡ್ಡವರ ಮೂರು ಬಾಟಲಿಯ ಲೆಕ್ಕ ಹೀಗೆ: ಒಂದು ಹೋಗಲು, ಒಂದು ಬರಲು, ಒಂದು ಮುಟ್ಟದೆ ಇಡುವುದಕ್ಕೆ. ಹೋಗುವ ಬಾಟಲಿ ಫಡಿ ಸೇರುವ ಮೊದಲೇ ಮುಗಿದರೆ ಅದೂ ತಿರುಗುವ ಸೂಚನೆಯೇ, 8.45 ಆಗಿರಲಿ ಬಿಡಲಿ. ಬಾಯಾರಿಕೆ ತಡೆದು ನೀರು ಉಳಿಸಬೇಡಿ. ಬಿಸಿಲಿಗೆ ಬಿದ್ದವರ ಬಾಟಲಿಯಲ್ಲಿ ನೀರು ಹಾಗೇ ಉಳಿದಿದ್ದನ್ನು ನಾನು ನೋಡಿದ್ದೇನೆ. ಗುಡ್ಡದ ಮೇಲೆ ಅಲ್ಲಲ್ಲಿ ದೊಣೆಗಳಿವೆ, ಅಂದರೆ ಮಳೆನೀರು ನಿಲ್ಲುವ ಬಂಡೆಯ ಗುಂಡಿಗಳು, ಮಾರ್ಚ್‌ಗೆ ಕೆಲವು ಒಣಗಿರುತ್ತವೆ, ಕೆಲವು ಹಸಿರು ಕಟ್ಟಿರುತ್ತವೆ. ಅದನ್ನು ನಂಬಿಕೊಂಡು ಹೊರಡಬೇಡಿ. ಟವೆಲ್ ಅದ್ದಿ ತಲೆಗೆ ಸುತ್ತಿಕೊಳ್ಳಲು ಬೇಕಾದರೆ ಬಳಸಿ.

ಬರೀ ನೀರು ಕುಡಿಯುತ್ತಾ ಹೋಗುವುದೂ ತಪ್ಪು. ಬೆವರಿನಲ್ಲಿ ಉಪ್ಪು ಹೋಗುತ್ತದೆ, ನೀರಷ್ಟೇ ತುಂಬಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ತಲೆನೋವು, ವಾಕರಿಕೆ ಶುರುವಾಗುತ್ತದೆ. ಓಆರ್‌ಎಸ್ ಪೊಟ್ಟಣ ಒಂದೆರಡು ಇಟ್ಟುಕೊಳ್ಳಿ. ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಹಾ ಚಮಚ, ಮಟ್ಟಸವಾಗಿ ಅಳೆದದ್ದು. ತಿನ್ನಲು ಪೇಟೆಯ ಬಾರ್ ಗೀರ್ ಬೇಡ. ನಮ್ಮ ಬುತ್ತಿಗಿಂತ ಒಳ್ಳೆಯದು ಏನಿದೆ? ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಕೆಡುವುದಿಲ್ಲ, ಉಪ್ಪೂ ಸಿಗುತ್ತದೆ. ಶೇಂಗಾ ಹೋಳಿಗೆ ಎರಡು. ಅಮೀನಗಡದ ಕರದಂಟು ಜೇಬಿನಲ್ಲಿದ್ದರೆ ಮಗಳು ಸುಸ್ತಾದಾಗ ಮಂತ್ರದ ಹಾಗೆ ಕೆಲಸ ಮಾಡುತ್ತದೆ. ಮೊಸರನ್ನ ಮಾತ್ರ ಬೇಡ, ಆ ಕಾವಿಗೆ 9ಕ್ಕೇ ಹುಳಿ ಬಂದಿರುತ್ತದೆ.

ಬುತ್ತಿಯನ್ನು ಬ್ಯಾಗಿನೊಳಗೆ ಇಡಿ, ಪ್ಲಾಸ್ಟಿಕ್ ಚೀಲದಲ್ಲಿ ಕೈಯಲ್ಲಿ ಹಿಡಿಯಬೇಡಿ. ಗುಹೆ, ಕೆರೆ ಸುತ್ತಲಿನ ಮಂಗಗಳಿಗೆ ಆ ಚೀಲದ ಸದ್ದು ಚೆನ್ನಾಗಿ ಗೊತ್ತು.

ನಿಮ್ಮ ತಂದೆಯವರ ವಿಷಯ. ಅವರನ್ನು ಸಿಡ್ಲಫಡಿಗೆ ಕರೆದುಕೊಂಡು ಹೋಗಬೇಡಿ. ವಯಸ್ಸಿಗೆ ಹೇಳುತ್ತಿಲ್ಲ, 70 ದಾಟಿದವರು ನನ್ನ ಮುಂದೆ ನಡೆದು ಹೋಗಿದ್ದಾರೆ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಮೂತ್ರ ಜಾಸ್ತಿ ಹೋಗುವಂತೆ ಮಾಡುತ್ತವೆ, ಮೈಯಲ್ಲಿ ನೀರು, ಉಪ್ಪು ಎರಡೂ ಇಳಿಯುತ್ತದೆ. ಇನ್ನು ಕೆಲವು ಎದೆಬಡಿತ ಏರಲು ಬಿಡುವುದಿಲ್ಲ. ಬಿಸಿಲಿನಲ್ಲಿ ತಟ್ಟನೆ ಎದ್ದು ನಿಂತರೆ ಕಣ್ಣು ಕತ್ತಲೆ. ಯಾವ ಮಾತ್ರೆ, ಏನು ಮಾಡಬೇಕು ಅಂತ ಅವರ ಡಾಕ್ಟರನ್ನೇ ಕೇಳಿ. ಪ್ರವಾಸದ ದಿನ ಮಾತ್ರೆ ನೀವೇ ನಿಲ್ಲಿಸಬೇಡಿ, ಓಆರ್‌ಎಸ್ ಕೂಡ ಕೇಳದೆ ಕೊಡಬೇಡಿ.

ಹಾಗಂತ ಅವರನ್ನು ರೂಮಿನಲ್ಲಿ ಕೂರಿಸಿ ಹೋಗುವುದೂ ಬೇಡ. ಅವರಿಗೊಂದು ದೊಡ್ಡ ಕೆಲಸ ಇದೆ. ಬೆಳಗಿನ ತಂಪಿನಲ್ಲಿ ಕೆರೆಯ ದಂಡೆ ಹಿಡಿದು ಭೂತನಾಥ ಗುಡಿಯವರೆಗೆ ನಿಧಾನ ನಡೆದು ಬರಲಿ, ಅದು ಹೆಚ್ಚುಕಡಿಮೆ ಸಮತಟ್ಟು ದಾರಿ. ಒಂದು ಚೀಟಿಯಲ್ಲಿ ನೀವು ಯಾವ ದಾರಿ, ಎಷ್ಟು ಜನ, ಯಾರು ಜೊತೆಗೆ, ವಾಪಸ್ ಹೊತ್ತು 10.45 ಅಂತ ಬರೆದು ಅವರ ಜೇಬಿಗೆ ಹಾಕಿ. 11.45ಕ್ಕೂ ನೀವು ಬಾರದಿದ್ದರೆ 112ಕ್ಕೆ ಫೋನ್ ಮಾಡಬೇಕಾದವರು ಅವರೇ. ನಡೆಯುವವರು ಎಲ್ಲರೂ ಗುಡ್ಡದ ಮೇಲಿದ್ದು, ಕೆಳಗೆ ಯಾರಿಗೂ ಗೊತ್ತಿಲ್ಲದಿರುವುದು ಅತಿ ಕೆಟ್ಟ ಯೋಜನೆ.

ಮ್ಯಾಪ್ ಸಾಕಾ ಅಂದಿರಿ. ಮೊಬೈಲಿನ ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ, ಆದರೆ ಹಿಂದಿರುವ ನಕ್ಷೆಗೆ ಬೇಕು. ಆದ್ದರಿಂದ ರೂಮಿನಲ್ಲಿರುವಾಗಲೇ ನಕ್ಷೆ ಇಳಿಸಿಕೊಳ್ಳಿ, ಹೋಗುವಾಗ ನಡೆದ ದಾರಿ ದಾಖಲಾಗುವಂತೆ ಬಿಡಿ. ವಾಪಸ್‌ಗೆ ಅದೇ ಗೆರೆ ಸಾಕು. ಬಿಸಿಲಿಗೆ ಫೋನು ಕಾದು ತಾನೇ ಆರಿಹೋಗುವುದುಂಟು, ಎರಡು ಫೋನಿನಲ್ಲಿ ಇರಲಿ. ಇಷ್ಟೆಲ್ಲ ಇದ್ದರೂ ಮೊದಲ ಸಲಕ್ಕೆ ದಾರಿ ಗೊತ್ತಿರುವ ಊರಿನವರೊಬ್ಬರು ಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮ್ಯಾಪಿನ ಗೆರೆ ಬಂಡೆಯ ಅಂಚಿನ ಮೇಲೂ ಹೋಗುತ್ತದೆ, ಅಂಚಿನ ಕೆಳಗೆ ಎಷ್ಟು ಆಳ ಅಂತ ಅದು ಹೇಳುವುದಿಲ್ಲ. ಹಿಂದಿನ ಸಂಜೆ ಹತ್ತುವ ಜಾಗ ತೋರಿಸಿಕೊಳ್ಳಿ, ಅನುಮತಿ ಏನಾದರೂ ಬೇಕಾ ಅಂತ ಪುರಾತತ್ವ ಇಲಾಖೆಯ ಕಚೇರಿಯಲ್ಲಿ, ಅರಣ್ಯ ಇಲಾಖೆಯವರಲ್ಲಿ ಕೇಳಿಬಿಡಿ. ದಾರಿ ತೋರಿಸುವವರಿಗೆ ಎಷ್ಟು ಕೊಡಬೇಕು ಅಂತಲೂ ಆಗಲೇ ಮಾತಾಡಿ ಮುಗಿಸಿ.

ದಾರಿ ತಪ್ಪುವುದು ಹೋಗುವಾಗ ಅಲ್ಲ, ಬರುವಾಗ. ಹೋಗುವಾಗ ನೋಡಿದ ಬಂಡೆಯ ಬೆನ್ನು ಬೇರೆಯೇ ಇರುತ್ತದೆ. ಕವಲು ಬಂದಲ್ಲೆಲ್ಲ ಒಂದು ಕ್ಷಣ ನಿಂತು ಹಿಂದಿರುಗಿ ನೋಡಿ, ಒಂದು ಫೋಟೊ ತೆಗೆಯಿರಿ. ವಾಪಸ್ ಬರುವಾಗ ಕಾಣುವುದು ಆ ನೋಟವೇ.

ಫಡಿಯ ಬಗ್ಗೆ ಎರಡು ಮಾತು. ಎರಡು ದೊಡ್ಡ ಬಂಡೆಗಳ ನಡುವೆ ಸೇತುವೆಯ ಹಾಗೆ ಚಾಚಿದ ಮರಳುಗಲ್ಲು, ಅದರಲ್ಲಿ ದೊಡ್ಡ ತೂತುಗಳು. ಸಿಡಿಲು ಬಡಿದು ಆದದ್ದು ಅನ್ನುತ್ತಾರೆ, ಹೆಸರೂ ಅದರಿಂದಲೇ. ಒಳಗೆ ಕಲ್ಲಿನ ಮೇಲೆ ಆದಿಮಾನವರು ಬರೆದ ಕೆಂಪು ಚಿತ್ರಗಳಿವೆ. ಮಸುಕಾಗಿವೆ, ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಬೇಕು. ಬಣ್ಣ ಎದ್ದು ಕಾಣಲಿ ಅಂತ ಕೆಲವರು ನೀರು ಚಿಮುಕಿಸುತ್ತಾರೆ. ದಯವಿಟ್ಟು ಬೇಡ. ಮುಟ್ಟಲೂ ಬೇಡಿ. ಸಾವಿರಾರು ವರ್ಷ ಉಳಿದದ್ದು ನಮ್ಮ ಒಂದು ಫೋಟೊಗೆ ಹೋಗಬಾರದು. ಒಗಟು ಬಿಡಿಸಿದ ಹಾಗೆ ಮಗಳಿಗೆ ಹುಡುಕಲು ಬಿಡಿ.

ಅಂದ ಹಾಗೆ, ಸಿಡಿಲಿಗೆ ಸಿಡ್ಲಫಡಿ ಆಸರೆ ಅಲ್ಲ. ಬಾಯಿ ತೆರೆದ ಬಂಡೆಯ ಕೆಳಗೆ ನಿಂತರೆ ಮಿಂಚು ಕಲ್ಲಿನ ಮೈಮೇಲೆ ಹರಿದು ಒಳಗೆ ಹಾಯಬಹುದು. ಮಾರ್ಚ್ ಕೊನೆಗೆ ಮಧ್ಯಾಹ್ನದ ಮೇಲೆ ಅಡ್ಡ ಮಳೆ ಬರುವುದುಂಟು. ನಿಮ್ಮ ಹೊತ್ತಿಗೆ ಅದು ತೊಂದರೆ ಕೊಡಲಾರದು, ಆದರೂ ಪುಣೆಯ ಹವಾಮಾನ ಸಂಸ್ಥೆ ಮಾಡಿರುವ 'ದಾಮಿನಿ' ಆ್ಯಪ್ ಫೋನಿನಲ್ಲಿ ಇರಲಿ, ಸುತ್ತಮುತ್ತ ಮಿಂಚು ಬಿದ್ದರೆ ತೋರಿಸುತ್ತದೆ.

ಮಳೆಗಾಲದಲ್ಲಿ ಮತ್ತೆ ಬರುವ ಆಸೆ ನಿಮಗೆ ಖಂಡಿತ ಹುಟ್ಟುತ್ತದೆ, ಅದಕ್ಕೇ ಈಗಲೇ ಹೇಳಿಬಿಡುತ್ತೇನೆ. ಜೋರು ಮಳೆ ಬಂದಾಗ ಬಾದಾಮಿಯ ಬಂಡೆಯಿಂದ ಅಕ್ಕ–ತಂಗಿ ದಿಡಗು, ಅಂದರೆ ಜಲಪಾತ, ಧುಮುಕುವುದನ್ನು ನೋಡಲು ಜನ ಸೇರುತ್ತಾರೆ. ಆ ನೀರು ಎಲ್ಲಿಂದ ಬಂತು ಅಂತ ಯೋಚಿಸಿ. ಮೇಲೆ ಮಣ್ಣಿಲ್ಲ, ಬರೀ ಬಂಡೆ. ಬಿದ್ದ ಮಳೆ ಇಂಗುವುದಿಲ್ಲ, ಅಷ್ಟೂ ಹಳ್ಳಕ್ಕೆ ಓಡುತ್ತದೆ. ಹಳ್ಳದ ದಂಡೆಯ ಬಾರಿ ಕಂಟಿಯನ್ನು ಹತ್ತಿರದಿಂದ ನೋಡಿ. ಟೊಂಗೆಗಳ ನಡುವೆ ಒಣ ಹುಲ್ಲು, ಕಡ್ಡಿ, ಗುಟ್ಕಾ ಚೀಟಿ ಹೆಣೆದುಕೊಂಡು ಒಂದೇ ಮಟ್ಟದಲ್ಲಿ ನಿಂತಿರುತ್ತವೆ, ಎಲ್ಲ ಒಂದೇ ದಿಕ್ಕಿಗೆ ತಲೆ ಬಾಗಿಸಿ. ಹಕ್ಕಿ ಗೂಡಲ್ಲ ಅದು. ಕಳೆದ ಮಳೆಗೆ ನೀರು ಅಲ್ಲಿವರೆಗೆ ಬಂದಿತ್ತು. ಒಮ್ಮೊಮ್ಮೆ ಆ ಗುರುತು ನಮ್ಮ ಎದೆಮಟ್ಟಕ್ಕೆ ಇರುತ್ತದೆ. ಅಮೆರಿಕದ ಆರಿಜೋನಾದಲ್ಲಿ ಆ್ಯಂಟೆಲೋಪ್ ಕ್ಯಾನ್ಯನ್ ಅಂತ ಇದೆ, ನೀವು ನೋಡಿದ ವಿಡಿಯೊಗಳಲ್ಲಿ ಅದೂ ಇದ್ದಿರಬಹುದು. 1997ರ ಆಗಸ್ಟ್ 12ರಂದು ಅಲ್ಲಿ 11 ಜನ ಕೊಚ್ಚಿಹೋಗಿ ಸತ್ತರು. ಜೋರು ಮಳೆ ಬಿದ್ದದ್ದು ಅವರ ತಲೆಯ ಮೇಲಲ್ಲ, ಮೈಲುಗಟ್ಟಲೆ ಮೇಲೆ. ಆದ್ದರಿಂದ ಮೋಡ ಕಂಡ ದಿನ ಹಳ್ಳದೊಳಗೆ ನಡೆಯುವುದು, ಹಳ್ಳದಲ್ಲಿ ಕೂತು ಊಟ ಮಾಡುವುದು ಬೇಡ. ಮಳೆ ನಿಂತ ಮೇಲೂ ಮರಳುಗಲ್ಲು ನೆನೆದಿರುವಷ್ಟು ದಿನ ಅದರ ಅಂಚು ಹಿಡಿದು ತೂಗಾಡಬೇಡಿ. ಒದ್ದೆ ಮರಳುಗಲ್ಲು ಕಸುವು ಕಳೆದುಕೊಳ್ಳುತ್ತದೆ, ಕೈಗೆ ಕಿತ್ತು ಬರುತ್ತದೆ. ಬಾದಾಮಿಗೆ ಬಂಡೆ ಹತ್ತಲು ಬರುವವರು ಮಳೆ ಆದ ಮೇಲೆ ಕಲ್ಲು ಒಣಗಲು ಕಾಯುವುದು ಇದಕ್ಕೇ.

ಹಾವು ಇವೆ. ಕೊಳಕುಮಂಡಲ, ಗರಗಸ ಮಂಡಲ ಎರಡೂ ಈ ನೆಲದವು. ಕೈ ಇಡುವ ಮೊದಲು ಸಂದಿ ನೋಡಿ, ಕಾಲು ಇಡುವ ಮೊದಲು ಬಂಡೆಯ ಆಚೆ ಬದಿ ನೋಡಿ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಹೀರುವುದು ಏನೂ ಬೇಡ. ಆ ಕಾಲು ಅಲ್ಲಾಡದ ಹಾಗೆ ಮಾಡಿ, ಹೊತ್ತು ಆಸ್ಪತ್ರೆಗೆ ಒಯ್ಯಬೇಕು. ನನ್ನನ್ನು ಕೇಳಿದರೆ ಹಾವಿಗಿಂತ ಹೆಜ್ಜೇನಿಗೆ ಜಾಸ್ತಿ ಹೆದರಿ. ಬಂಡೆಯ ಗೋಡೆಗೆ ಕಪ್ಪು ಹಲಗೆಯ ಹಾಗೆ ತೂಗುತ್ತಿರುತ್ತವೆ. ಸೆಂಟ್ ಹಾಕಿಕೊಳ್ಳಬೇಡಿ, ಹೊಗೆ ಹಾಕಬೇಡಿ, ಕಲ್ಲು ಎಸೆಯಬೇಡಿ, ಕೂಗಬೇಡಿ. ಎದ್ದರೆ ಮುಖ ಮುಚ್ಚಿಕೊಂಡು ಓಡಬೇಕು, ನಿಂತು ಕೈ ಬೀಸಬಾರದು.

ಬಿಸಿಲು ತಗುಲಿದ ಲಕ್ಷಣ ಎಲ್ಲರಿಗೂ ಗೊತ್ತಿರಲಿ. ತಲೆನೋವು, ವಾಕರಿಕೆ, ಕಾಲು ಸೆಳೆತ ಅಂದರೆ ನೆರಳಿಗೆ ಕೂರಿಸಿ, ನೀರು ಉಪ್ಪು ಕೊಟ್ಟು, ಅಲ್ಲಿಂದಲೇ ವಾಪಸ್. ಮಾತು ತೊದಲಿದರೆ, ಹೆಸರು ಕೇಳಿದರೆ ಏನೇನೋ ಹೇಳಿದರೆ ಅದು ಬೇರೆ ಮಟ್ಟದ್ದು. ಆಗ ಕುಡಿಸಲು ಹೋಗಬೇಡಿ. ಇರುವ ನೀರೆಲ್ಲ ಮೈಮೇಲೆ ಸುರಿದು ಟವೆಲ್ ಬೀಸಿ, 108ಕ್ಕೆ ಕರೆ ಮಾಡಿ. ಮುಟ್ಟದೆ ಇಡಿ ಅಂದ ಮೂರನೇ ಬಾಟಲಿ ಇದಕ್ಕಾಗಿ.

ಈಗ ಮಹಾಕೂಟ. ಹಳೆಯ ಕಾಲುದಾರಿ ಇದೆ, ನಾಗನಾಥ ಗುಡಿಯ ಮೇಲೆ ಹೋಗುತ್ತದೆ, ಚೆಂದದ ದಾರಿ. ಆದರೆ ಒಂದೇ ದಿನ ಎರಡೂ ಬೇಡ. 10.45ಕ್ಕೆ ಇಳಿದು ಸ್ನಾನ, ಊಟ ಮಾಡಿ. ಬಿಸಿಲ ಹೊತ್ತು ಕೆರೆಯ ಉತ್ತರ ದಂಡೆಯ ಮ್ಯೂಸಿಯಂನಲ್ಲಿ ಕಳೆಯಿರಿ. ಶುಕ್ರವಾರ ರಜೆ, ನೋಡಿಕೊಂಡು ಬನ್ನಿ. ಅಲ್ಲಿ ಸಿಡ್ಲಫಡಿಯದೇ ಮಾದರಿ ಮಾಡಿಟ್ಟಿದ್ದಾರೆ, ಬೆಳಿಗ್ಗೆ ಏನೇನು ನೋಡಿದೆ ಅಂತ ಮಗಳು ಅಜ್ಜನಿಗೆ ತೋರಿಸಬಹುದು. ಸಂಜೆ 4ರ ಮೇಲೆ ಗಾಡಿಯಲ್ಲೇ ಮಹಾಕೂಟಕ್ಕೆ ಹೋಗಿ, ಊಟೆ ನೀರಿನ ಪುಷ್ಕರಣಿ ಇದೆ, ತಂದೆಯವರೂ ಬರಬಹುದು. ಅಲ್ಲಿದ್ದ ಚಾಲುಕ್ಯ ದೊರೆ ಮಂಗಳೇಶನ ಶಾಸನದ ಕಂಬ ಮಾತ್ರ ಅಲ್ಲಿ ಸಿಗುವುದಿಲ್ಲ. ಅದು ಇರುವುದು ನಿಮ್ಮೂರಲ್ಲೇ, ಗೋಳಗುಮ್ಮಟದ ಎದುರಿನ ಮ್ಯೂಸಿಯಂನಲ್ಲಿ. ನೋಡಿದ್ದೀರಾ?

ಬೂಟು ಮುಂದಿನ ಭಾನುವಾರವೇ ತೆಗೆದು ತಳ ಬಗ್ಗಿಸಿ ನೋಡಿ. ಹೊಸದು ಕೊಳ್ಳುವುದಾದರೆ ಎರಡು ವಾರ ಮೊದಲೇ ಕೊಂಡು ಊರಲ್ಲಿ ನಡೆದು ಪಳಗಿಸಿ. ತುಂಬು ತೋಳಿನ ತೆಳು ಹತ್ತಿ ಅಂಗಿ, ಅಗಲ ಅಂಚಿನ ಟೊಪ್ಪಿಗೆ ಅಥವಾ ತಲೆಗೆ ವಸ್ತ್ರ, ಒಂದು ಸೀಟಿ. ಸೀಟಿ ಮಗಳ ಕೊರಳಿಗೆ ಹಾಕಿ, ಹಿಂದೆ ಬಿದ್ದರೆ ಮೂರು ಸಲ ಊದಬೇಕು ಅಂತ ಹೇಳಿಕೊಡಿ. ಹೆಜ್ಜೇನಿನ ಗೋಡೆಯ ಕೆಳಗೆ ಆಟಕ್ಕೆ ಊದಬಾರದು ಅಂತಲೂ.

ಇನ್ನೊಂದು ಮರೆತಿದ್ದೆ. ಬೆಳಿಗ್ಗೆ ಹೊರಡುವಾಗ ಕೆರೆಯ ದಂಡೆಯಿಂದ ಯಾವುದಾದರೂ ಬೀದಿ ನಾಯಿ ನಿಮ್ಮ ಹಿಂದೆ ಬರಬಹುದು. ನನ್ನ ಜೊತೆ ಎಷ್ಟೋ ಸಲ ಬಂದಿವೆ. ಓಡಿಸಿದರೂ ಹೋಗುವುದಿಲ್ಲ, ಫಡಿಯವರೆಗೂ ಬಂದು ನಿಮ್ಮ ಜೊತೆಗೇ ಇಳಿಯುತ್ತವೆ. ಹನ್ನೊಂದು ಲೀಟರ್ ಅಂದೆನಲ್ಲ, ಅದಕ್ಕೂ ಒಂದು ಅರ್ಧ ಲೀಟರ್ ಸೇರಿಸಿಕೊಳ್ಳಿ. ಕುಡಿಸಲು ಒಂದು ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಸಾಕು.